ಮಾಮುವಿನ ಗಿಡ್ಡ ಆಂಟೆನಾ

ನಮ್ಮ ಮಾಮು ಮದುವೆಗೆ ಹುಡುಗಿ ನೋಡಿದ್ದು ಒಂದೇ ಮನೆಯಲ್ಲಿ, ಹತ್ತೇ ನಿಮಿಷ. ತಮ್ಮ ವ್ಯಾನಿಗೆ ಆಂಟೆನಾ ನೋಡಿದ್ದು ಮಾತ್ರ ಒಂದೂವರೆ ವರ್ಷ! ಒಂದೂವರೆಯೋ, ಏಳೇ ತಿಂಗಳೋ, ಆಣೆ ಮಾಡಿ ಹೇಳಲಾರೆ. ಮಾಮಿಯನ್ನು ಕೇಳಿದರೆ ಮೂರು ವರ್ಷ ಅನ್ನುತ್ತಾರೆ. ನಾನು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವನು. ಪುರಾವೆ ಇಲ್ಲದೆ ಏನನ್ನೂ ನಂಬಬಾರದೆಂದು ಅಲ್ಲಿ ಕಲಿಸಿದರು. ಪರಿಣಾಮವಾಗಿ ಈಗ ನನ್ನ ನೆನಪನ್ನೇ ನಾನು ನಂಬುವುದಿಲ್ಲ. ಮುಂದಿನದರಲ್ಲಿ ಕಾಲು ಭಾಗ ನಾನೇ ಸೇರಿಸಿರಬಹುದು. ಯಾವ ಕಾಲು ಭಾಗ ಅಂತ ಕೇಳಬೇಡಿ.

ಮಾಮುವಿಗೆ ಬಳ್ಳಾರಿಯಲ್ಲಿ ಸಣ್ಣದೊಂದು ಜೀನ್ಸ್ ಘಟಕವಿದೆ. ಕತ್ತರಿಸಿದ ಬಟ್ಟೆಯ ಗಂಟುಗಳನ್ನು ವ್ಯಾನಿನ ನೆತ್ತಿಗೆ ಹೇರಿಕೊಂಡು ದಿನಾ ಕುರುಗೋಡಿಗೆ ಹೋಗಿ, ಹೊಲಿಯುವ ಹೆಂಗಸರಿಗೆ ಕೊಟ್ಟು ಬರುತ್ತಾರೆ. ಇಷ್ಟೇ ಆಗಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ಅವರು ಹ್ಯಾಮ್ ಕೂಡ. ಅಂದರೆ ಪರೀಕ್ಷೆ ಬರೆದು, ಸರ್ಕಾರದ ಪರವಾನಗಿ ಪಡೆದು, ಸ್ವಂತ ರೇಡಿಯೊದಲ್ಲಿ ಊರೂರಿನವರ ಜೊತೆ ಹರಟುವ ಹವ್ಯಾಸಿ. ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಇದ್ಯಾಕೆ ಎಂದು ಒಮ್ಮೆ ಕೇಳಿದ್ದೆ.

"ಮೊಬೈಲ್‌ನ್ಯಾಗ ಮಾತಾಡಾಕ ಪರೀಕ್ಷೆ ಐತೇನ್ಲೇ? ಇಲ್ಲ. ಅದಕ್ಕ ಎಲ್ರೂ ಹಂಗ ಮಾತಾಡ್ತಾರ!"

ಮಾಮಿಗೆ ಈ ರೇಡಿಯೊದಿಂದ ನಯಾಪೈಸೆಯ ಉಪಯೋಗವಾಗಲಿಲ್ಲ. "ಸಿರುಗುಪ್ಪದಾಗ ಸೋನಾ ಮಸೂರಿ ಏನ್ ರೇಟು ಐತಿ, ಒಂಚೂರು ಕೇಳ್ರಿ" ಎಂದರೆ, "ಇದರಾಗ ವ್ಯಾಪಾರದ ಮಾತು ಆಡಂಗಿಲ್ಲ, ಕಾನೂನು ಐತಿ" ಅನ್ನುತ್ತಿದ್ದರು.

"ಹಂಗಾರ ರಾತ್ರಿ ಕಾನೂನು ಬಡಿಸ್ತೀನಿ, ಉಣ್ರಿ!"

ವ್ಯಾನಿನ ಮೇಲೆ ಮೊದಲು ಇದ್ದದ್ದು ಆಳುದ್ದದ ಕಡ್ಡಿ. ಅದನ್ನು ಕಂಡು ಪೊಲೀಸರು ಬಂದರೆಂದು ತಳ್ಳುಗಾಡಿಯವರು ಬಾಳೆಹಣ್ಣು ಸಮೇತ ಓಡಿದ್ದುಂಟು. ಒಮ್ಮೆ ಅದು ಘಟಕದ ಷಟರಿಗೆ ಬಡಿದು ಮುರಿಯಿತು. ಬದಲಿಗೆ ತಂದ ಕಡ್ಡಿಯನ್ನು ಭತ್ತದ ಹುಲ್ಲಿನ ಟ್ರ್ಯಾಕ್ಟರು ಎಳೆದುಕೊಂಡೇ ಹೋಯಿತು. ಮೂರನೆಯ ಕಡ್ಡಿ ಗಂಟು ಕಟ್ಟುವ ಹಗ್ಗಕ್ಕೆ ಸಿಕ್ಕಿ ಬಾಗಿದ್ದಕ್ಕಂತೂ ಲೆಕ್ಕವಿಲ್ಲ. ಕೊನೆಗೆ ಮಾಮು ತೀರ್ಮಾನಿಸಿದರು: ತಮ್ಮ ರೇಡಿಯೊ ಹಿಡಿಯುವ ಎರಡು ಬ್ಯಾಂಡಿಗೂ, ಅಂದರೆ ಎರಡು ಬಗೆಯ ಅಲೆಗಳಿಗೂ, ಒಂದೇ ಆಂಟೆನಾ, ಆದರೆ ಗಂಟುಗಳಿಗಿಂತ ಗಿಡ್ಡ!

ಮೊದಲು ತರಿಸಿದ್ದು ಶಾರ್ಕ್ ಮೀನಿನ ರೆಕ್ಕೆಯಂಥದ್ದು. "ವ್ಯಾನಿಗೆ ಬಾವು ಬಂದೈತೇನ್ರಿ?" ಎಂದರು ಮಾಮಿ. ಬಿಚ್ಚಿ ನೋಡಿದರೆ ಒಳಗೆ ಟೊಳ್ಳು. ಬರೀ ಅಲಂಕಾರ! ಎರಡನೆಯದು ಗೇಣುದ್ದದ ಕಡ್ಡಿ, ಬುಡದಲ್ಲಿ ಭಾರೀ ಅಯಸ್ಕಾಂತ. ಜೀನ್ಸ್ ಘಟಕದ ಮುಂದೆ ಅಯಸ್ಕಾಂತ ಇಟ್ಟರೆ ಏನಾಗುತ್ತದೆ? ಸಂಜೆಯೊಳಗೆ ಗುಂಡಿ, ರಿವೆಟ್ಟು, ಜಿಪ್ಪಿನ ಚೂರುಗಳು ಬೆಲ್ಲಕ್ಕೆ ಇರುವೆಯಂತೆ ಮುತ್ತಿದ್ದವು. ಅದನ್ನು ಮಾಮಿ ಜಪ್ತಿ ಮಾಡಿ, ಕೋಲಿಗೆ ಕಟ್ಟಿ, ನೆಲಕ್ಕೆ ಬಿದ್ದ ಸೂಜಿ ಹೆಕ್ಕಲು ಇಟ್ಟುಕೊಂಡರು. ಇಡೀ ಬಳ್ಳಾರಿಯಲ್ಲಿ ಎರಡು ಬ್ಯಾಂಡಿನ ಸೂಜಿ ಹುಡುಕುವ ಕೋಲು ಇರುವುದು ನಮ್ಮ ಮಾಮಿಯ ಬಳಿ ಮಾತ್ರ!

ಮೂರನೆಯದು ಬೋರಲು ಹಾಕಿದ ಬಟ್ಟಲಿನಂತಿತ್ತು. ಅದಕ್ಕೆ ವ್ಯಾನಿನ ನೆತ್ತಿಯನ್ನೇ ಕೊರೆಯಬೇಕು.

"ತೂತು ಹೊಡಿತೀರಾ? ಮಳಿ ಬಂದ್ರ?"

"ಬಳ್ಳಾರ್ಯಾಗ?"

ತೂತು ಬಿತ್ತು.

ಈ ಎಲ್ಲ ಪರದಾಟ ಒಬ್ಬರಿಗಾಗಿ. ಸಿರುಗುಪ್ಪದಲ್ಲಿ ಮಾಮುವಿನ ಗೆಳೆಯರೊಬ್ಬರಿದ್ದಾರೆ; ಇಬ್ಬರೂ ಹ್ಯಾಮ್ ಪರೀಕ್ಷೆಯನ್ನು ಒಂದೇ ಬೆಂಚಿನಲ್ಲಿ ಬರೆದವರು. ಅವರಿಗೆ ಪಾರ್ಶ್ವವಾಯು ಹೊಡೆದು ಬಲಗೈಯೂ ಮಾತೂ ಹೋದವು. ಎಡಗೈ ಹೆಬ್ಬೆರಳು ಮಾತ್ರ ಗಟ್ಟಿ. ದಿನಾ ಬೆಳಿಗ್ಗೆ ಹತ್ತಕ್ಕೆ ಮಾಮು ಕುರುಗೋಡಿನಲ್ಲಿ ವ್ಯಾನು ನಿಲ್ಲಿಸಿ ಮಾತಾಡುತ್ತಾರೆ. ಆ ಕಡೆ ಅವರು ಕೈಯಲ್ಲಿ ಹಿಡಿಯುವ ತಮ್ಮ ಪುಟ್ಟ ರೇಡಿಯೊ ಸೆಟ್ಟಿನ ಗುಂಡಿ ಒತ್ತುತ್ತಾರೆ. ಈ ಕಡೆ 'ಚಕ್' ಎಂದು ಕೇಳಿಸುತ್ತದೆ. ಎರಡು ಸಲ ಒತ್ತಿದರೆ ಹೌದು, ಒಂದು ಸಲಕ್ಕೆ ಇಲ್ಲ.

ನನಗೆ ಅನುಮಾನ. ಗರಗರ ಸದ್ದಿನ ನಡುವಿನ ಒಂದು 'ಚಕ್' ಯಾರದ್ದಾದರೂ ಆಗಬಹುದಲ್ಲ?

"ಮಾಮು, ಅದು ನಿಮ್ಮ ಇಂಡಿಕೇಟರ್ ಸದ್ದು ಇರಬೌದು."

"ನನ್ನ ಇಂಡಿಕೇಟರ್ ಕೆಟ್ಟು ಆರು ತಿಂಗಳಾತಲೇ, ಪ್ರೊಫೆಸರ್!"

ಬಟ್ಟಲು ಕೂರಿಸಿದ ಮೇಲೆ ಪರೀಕ್ಷೆಗೆ ನನ್ನನ್ನೂ ಕರೆದುಕೊಂಡು ಹೋದರು. ಕುರುಗೋಡಿನ ಗುಡ್ಡದ ಪಕ್ಕ ವ್ಯಾನು ನಿಂತಿತು. ಮಾಮು ಮೈಕು ಹಿಡಿದರು.

"ಲೇ ದೋಸ್ತ, ಗಿಡ್ಡ ಆಂಟೆನಾದಾಗ ಮಾತಾಡಾಕತ್ತೀನಿ. ಕೇಳ್ತೈತೇನ್ಲೇ?"

ಗರಗರ.

"ನಾಷ್ಟ ಆತಾ?"

ಗರಗರ.

ಮಾಮು ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ತಂದರು. "ದಿನಾ ನಾನೊಬ್ನ ಬಡಕೊಂತೀನಿ. ನಿನಗ ಬ್ಯಾಸರ ಆಗೈತೇನ್ಲೇ? ಬಿಟ್ಟುಬಿಡ್ಲೇನು?"

ಮತ್ತೆ ಗರಗರ. ಎಷ್ಟೋ ಹೊತ್ತು ಕಾದು ಸ್ವಿಚ್ ಆರಿಸಿದರು.

"ಆಂಟೆನಾದ್ದ ತಪ್ಪು ಇರ್ಬೇಕು, ಮಾಮು."

"ಆಂಟೆನಾದ್ದಲ್ಲ. ಅವಂಗ ಸಾಕಾಗೈತಿ."

ಮರುದಿನದಿಂದ ಹತ್ತು ಗಂಟೆಗೆ ರೇಡಿಯೊ ಹಚ್ಚಲೇ ಇಲ್ಲ. ಫೋನು ಮಾಡಿ ಕೇಳಿ ಎಂದರೆ, "ಬ್ಯಾಸರ ಆತಾ ಅಂತ ಅವನ ಹೇಣ್ತಿ ಕಡಿಂದ ಕೇಳಿಸ್ತಾರೇನ್ಲೇ?" ಎಂದು ನನ್ನ ಮೇಲೇ ರೇಗಿದರು. ಆ ಕಡೆಯಿಂದ ಬಂದ ಫೋನನ್ನೂ ಎತ್ತಲಿಲ್ಲ. ಆಂಟೆನಾ ಹೆಸರೆತ್ತಿದರೆ ಊಟ ಮರೆಯುವ ಮನುಷ್ಯ ಮೂಕನಾಗಿ ಕೂತದ್ದನ್ನು ಮಾಮಿಗೆ ತಡೆಯಲಾಗಲಿಲ್ಲ. ಐದನೇ ದಿನ ತಾವೇ ಅಟ್ಟ ಹತ್ತಿ ಆ ಬಾಗಿದ ಉದ್ದ ಕಡ್ಡಿಯನ್ನು ಇಳಿಸಿದರು.

"ಇದನ್ನ ಹಾಕ್ರಿ. ಗಂಟು ಒಳಗ ತುಂಬ್ರಿ, ಹಿಡಿಸ್ಲಿಲ್ಲಂದ್ರ ಎರಡು ಸಲ ಹೋಗ್ರಿ." ಆಮೇಲೆ ನನ್ನ ಕಡೆ ತಿರುಗಿದರು. "ಎಲ್ಲಾದಕ್ಕೂ ಪುರಾವಿ ಕೇಳ್ತೀಯಲ್ಲ? ಸಿರುಗುಪ್ಪಕ್ಕ ಹೋಗಿ ಕೇಳ್ಕಂಡು ಬಾ."

ಬಸ್ಸು ಹತ್ತಿ ಹೋದೆ. ಗೆಳೆಯರು ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದರು, ಎಡಗೈಯಲ್ಲಿ ಸೆಟ್ಟು. ನನ್ನನ್ನು ಕಂಡು ನನ್ನ ಹಿಂದೆ ಬಾಗಿಲ ಕಡೆ ನೋಡಿದರು, ಇನ್ನೊಬ್ಬರು ಬರುತ್ತಾರೇನೋ ಎಂಬಂತೆ. ಅವರ ಹೆಂಡತಿ ಚಹಾ ತಂದು ಕೊಟ್ಟರು.

"ಅವತ್ತು ಎಲ್ಲಾ ಕೇಳಿಸ್ತ್ರಿ ನಮಗ. 'ಬಿಟ್ಟುಬಿಡ್ಲೇನು' ಅಂದಿದ್ದೂ ಕೇಳಿಸ್ತು."

ಆಗ ಹೊಳೆಯಿತು. ಮಾಮುವಿನ ಸೆಟ್ಟಿಗೆ ಶಕ್ತಿ ಜಾಸ್ತಿ, ಬಟ್ಟಲಿನಿಂದಲೂ ದನಿ ಇಲ್ಲಿಯವರೆಗೆ ಬಂದಿದೆ. ಈ ಪುಟ್ಟ ಸೆಟ್ಟಿನ ಉತ್ತರವನ್ನು ಮಾತ್ರ ಆ ಬಟ್ಟಲು ಹಿಡಿದಿಲ್ಲ.

"ಅದಕ್ಕೆ ಇವರು ಎಷ್ಟು ಸಲ ಒತ್ತಿದ್ರು?" ಎಂದು ಕೇಳಿದೆ.

"ಒಂದ ಸಲರಿ. ಆದ್ರ ಬೆರಳು ತಗೀಲಿಲ್ಲ. ಬ್ಯಾಟ್ರಿ ಖಾಲಿ ಆಗೋತನ ಒತ್ತಿ ಹಿಡಿದಿದ್ರು."

ನನ್ನ ಬುದ್ಧಿ ನನ್ನದು. ಅವರ ಕಡೆ ತಿರುಗಿ, ಹೌದೇನ್ರಿ ಎಂದು ಕೇಳಿಯೇಬಿಟ್ಟೆ. ಸೆಟ್ಟು ಆಫ್ ಆಗಿತ್ತು. ಆದರೂ ಅವರು ಹೆಬ್ಬೆರಳಿನಿಂದ ಗುಂಡಿಯನ್ನು ಎರಡು ಸಲ ಒತ್ತಿದರು.