ಮಾವನ ಮಾರ್ಕುಪಟ್ಟಿ

ಒಂದು ಇಡೀ ಮುನಿಸಿಪಾಲಿಟಿಯನ್ನು ಆರು ವರ್ಷ ಬಿಡದೆ ಫೇಲು ಮಾಡಿದ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅಷ್ಟೇ ಏಕೆ, ಅವರ ಮನೆಯಲ್ಲೇ ಊಟ ಮಾಡಿಕೊಂಡಿದ್ದೆ! ಅವರು ನನ್ನ ಸೋದರಮಾವ, ಪೆನ್ಷನ್ ಪಡೆದ ಸ್ಕೂಲು ಮೇಷ್ಟ್ರು. ನಾನೋ, ಅದೇ ಮುನಿಸಿಪಾಲಿಟಿಯಲ್ಲಿ ಗುಮಾಸ್ತ. ಯುದ್ಧಕಾಲದ ಮಾತು, ದೊಡ್ಡಬಳ್ಳಾಪುರದ ಆಚೆಯ ಊರು. ಹೆಸರು ಮಾತ್ರ ಕೇಳಬೇಡಿ, ಆಗಿನ ಅಧ್ಯಕ್ಷರ ಮೊಮ್ಮಕ್ಕಳು ಈಗಲೂ ಎದುರು ಸಿಕ್ಕಿದರೆ ನಮಸ್ಕಾರ ಮಾಡುತ್ತಾರೆ.

ಮಾವ ಸ್ಕೂಲು ಬಿಟ್ಟಿದ್ದರು, ಸೀಮೆಸುಣ್ಣ ಬಿಟ್ಟಿರಲಿಲ್ಲ. ಜಗಲಿಯ ಗೋಡೆಗೆ ಎರಡು ಮೊಳ ಮಸಿ ಬಳಿದು, ಪ್ರತಿ ಶನಿವಾರ ಬೆಳಿಗ್ಗೆ ಮುನಿಸಿಪಾಲಿಟಿಯ ಮಾರ್ಕು ಬರೆಯುತ್ತಿದ್ದರು. ನಲ್ಲಿ: ನೂರಕ್ಕೆ ಹನ್ನೆರಡು, ಅದೂ ನೀರಿಗಲ್ಲ, ಸದ್ದಿಗೆ. ಚರಂಡಿ: ಸೊನ್ನೆ. ಕಸ: ಗೈರುಹಾಜರು. ಬೀದಿದೀಪ: ಇದೇ ಕ್ಲಾಸಿನಲ್ಲಿ ಮತ್ತೆ ಕೂರಿಸುವುದು. ಬೀದಿಯ ನೇಕಾರರು ಮಗ್ಗ ನಿಲ್ಲಿಸಿ ಓದಲು ಬರುತ್ತಿದ್ದರು. ಅವರಲ್ಲೂ ಕರುಣಾಳುಗಳಿದ್ದರು. ಒಬ್ಬ ಒಮ್ಮೆ, "ಕಸಕ್ಕೆ ಒಂದೆರಡು ಹಾಕಿ ಮೇಷ್ಟ್ರೇ, ಮೊನ್ನೆ ಗಾಡಿ ಬಂದಿತ್ತು ಪಾಪ" ಎಂದು ಶಿಫಾರಸು ಮಾಡಿದ.

"ಬಂದ್ರೆ ಸಾಲ್ದು ಕಣಪ್ಪಾ, ತಗೊಂಡೂ ಹೋಗ್ಬೇಕು" ಎಂದರು ಮಾವ. ಅಂಕ ಏರಲಿಲ್ಲ.

ಅಧ್ಯಕ್ಷರೇ ಒಂದು ಸಲ ಮನೆಗೆ ಬಂದರು. ಅವರು ಮಾವನ ಹಳೆಯ ಶಿಷ್ಯರು. ಊರೆಲ್ಲ ಅವರಿಗೆ ಎದ್ದು ನಿಲ್ಲುತ್ತಿದ್ದರೆ, ಅವರು ನಮ್ಮ ಜಗಲಿಯ ಕೆಳಗೆ ಕೈಕಟ್ಟಿ ನಿಂತಿದ್ದರು. ಎಲೆಕ್ಷನ್ನು ಹತ್ತಿರ ಬಂತು, ಪಾಸ್ ಮಾರ್ಕಾದರೂ ಕೊಡಿ ಎಂದು ಬೇಡಿಕೊಂಡರು. ಮಾವ ಕನ್ನಡಕದ ಮೇಲಿಂದ ನೋಡಿ, "ಆಗ್ಲೂ ಹಿಂಗೇ ಕೇಳ್ತಿದ್ದೆ" ಎಂದರು. ಪಾಪ, ಅಧ್ಯಕ್ಷರು ಕಾಫಿಯನ್ನೂ ಕುಡಿಯದೆ ಹೋದರು.

ಆದರೆ ಮಾವನ ನಿಜವಾದ ಜಗಳವೆಲ್ಲ ನಮ್ಮ ಓಣಿಯ ಮೂಲೆಯ ದೀಪದ ಕಂಬದ ಮೇಲೆ. ಅದೊಂದು ಸರಿಯಾಗಿ ಉರಿದಿದ್ದರೆ ಚರಂಡಿಯನ್ನೂ ಕ್ಷಮಿಸುತ್ತಿದ್ದರೋ ಏನೋ! ಸೀಮೆಎಣ್ಣೆಗೆ ಬರ ಬಂದಿದ್ದ ಕಾಲ. ಶುಕ್ಲಪಕ್ಷದ ಅಷ್ಟಮಿಯಿಂದ ಹುಣ್ಣಿಮೆಯವರೆಗೆ ಬೀದಿದೀಪ ಹಚ್ಚಬೇಕಿಲ್ಲ, ಬೆಳದಿಂಗಳಿದೆ ಎಂದು ನಮ್ಮ ಆಫೀಸಿನ ಕಾನೂನು. ಗೋಡೆಗೆ ತೂಗುಹಾಕಿದ ಪಂಚಾಂಗವೇ ನಮಗೆ ಪ್ರಮಾಣ. ಆಷಾಢದ ಮೋಡದಲ್ಲಿ ಚಂದ್ರ ವಾರಗಟ್ಟಲೆ ಮುಖ ತೋರಿಸದಿದ್ದರೆ? ಪಂಚಾಂಗದಲ್ಲಿ ಇದ್ದಾನಲ್ಲ, ಸಾಕು!

ಮಾವ ಅರ್ಜಿ ಹಿಡಿದು ನೇರ ನನ್ನ ಮೇಜಿಗೇ ಬಂದರು. ಚಂದ್ರನನ್ನು ಕೆಲಸಕ್ಕೆ ತೆಗೆದುಕೊಂಡ ಆದೇಶದ ನಕಲು ಬೇಕು. ಹೇಳದೆ ಕೇಳದೆ ಗೈರುಹಾಜರಾದ ಸದರಿ ನೌಕರನ ಮೇಲೆ ಏನು ಕ್ರಮ ಜರುಗಿಸಿದ್ದೀರಿ, ತಿಳಿಸಬೇಕು. ಬೆಳಿಗ್ಗೆ ಒಟ್ಟಿಗೆ ರೊಟ್ಟಿ ತಿಂದಿದ್ದೇವೆ, ಆಗ ಒಂದು ಮಾತಿಲ್ಲ! ರಸೀದಿ ಪಡೆಯದೆ ಕದಲಲಿಲ್ಲ. ಹೆಡ್ ಗುಮಾಸ್ತರು ಎಂದಿನಂತೆ "ಪರಿಶೀಲನೆಯಲ್ಲಿದೆ" ಎಂದು ಉತ್ತರ ಬರೆದು, ಮುಟ್ಟಿಸಲು ನನ್ನ ಕೈಗೇ ಕೊಟ್ಟರು. ಮನೆಯೊಳಗೆ ಕೊಡಹೋದರೆ ಮಾವ ತೆಗೆದುಕೊಳ್ಳಲಿಲ್ಲ. ನಾನು ಹೊರಗೆ ಹೋಗಿ, ಬಾಗಿಲು ತಟ್ಟಿ, ಅವರ ಪೂರ್ತಿ ಹೆಸರು ಕೂಗಿದ ಮೇಲೆ ಸಹಿ ಹಾಕಿ, ಕೈಕಾಲು ತೊಳೆದು ಊಟಕ್ಕೆ ಬಾ ಎಂದರು.

ಉತ್ತರದಿಂದ ದೀಪ ಉರಿಯುತ್ತದೆಯೇ? ಮಾವ ನಮ್ಮ ಮನೆಯ ಒಂದೇ ಒಂದು ಕಂದೀಲನ್ನು ಒಯ್ದು ಮುನಿಸಿಪಾಲಿಟಿಯ ಕಂಬಕ್ಕೆ ನೇತುಹಾಕಿದರು. ದಿನಾ ಸಂಜೆ ಇದೇ ಪಾಡು. ಅತ್ತೆ ದೇವಸ್ಥಾನದಲ್ಲಿ ಪುರಾಣ ಕೇಳಿ ಮನೆ ಸೇರುವವರೆಗೆ ನಾನು ಕತ್ತಲಲ್ಲಿ ಸೊಳ್ಳೆ ಹೊಡೆಯುತ್ತ ಕೂರಬೇಕು. ಆಮೇಲೆ ಕಂದೀಲು ಒಳಗೆ ಬರುತ್ತಿತ್ತು. ನಾನು ಗೊಣಗಿದರೆ, "ಮುನಿಸಿಪಾಲ್ಟಿಯೋನು ಕತ್ತಲಲ್ಲಿ ಕೂತ್ರೇನೇ ಬುದ್ಧಿ ಬರೋದು" ಎನ್ನುತ್ತಿದ್ದರು.

ಕಂಬಕ್ಕೆ ಖಾಸಗಿ ದೀಪ ಕಟ್ಟುವುದು ಅಪರಾಧವಂತೆ. ಮೂರು ದಿನದೊಳಗೆ ತೆಗೆಯತಕ್ಕದ್ದು ಎಂದು ನೋಟೀಸು ತಯಾರಾಯಿತು. ಮುಟ್ಟಿಸುವ ಭಾಗ್ಯ ಮತ್ತೆ ನನಗೇ! ಅದನ್ನು ಜೇಬಿನಲ್ಲಿಟ್ಟುಕೊಂಡು ಮುಸ್ಸಂಜೆಯಲ್ಲಿ ಓಣಿಗೆ ತಿರುಗಿದೆ. ಮುಂದೆ ಯಾರೋ ಗೋಡೆ ತಡವುತ್ತ ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಕಾಲಿನಿಂದ ಚರಂಡಿಯ ಅಂಚು ಹುಡುಕುತ್ತಿದ್ದರು. ಅತ್ತೆ! ಅತ್ತೆಗೆ ಇರುಳುಗಣ್ಣು ಎಂದು ಆಗ ಹೊಳೆಯಿತು, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಕಂದೀಲಿನ ಬೆಳಕು ಕಾಲ ಮೇಲೆ ಬಿದ್ದದ್ದೇ ಗೋಡೆಯಿಂದ ಕೈ ತೆಗೆದರು, ಸೆರಗು ಸರಿಮಾಡಿಕೊಂಡು, ಏನೂ ಆಗದವರಂತೆ ನೆಟ್ಟಗೆ ಮನೆಯತ್ತ ನಡೆದರು. ಜಗಲಿಯ ಮೇಲೆ ಮಾವ ಅವರನ್ನು ನೋಡದವರಂತೆ ಮುಖ ತಿರುಗಿಸಿ ಕೂತಿದ್ದರು.

ಕೈಹಿಡಿದು ಕರೆತಂದಿದ್ದರೆ ಅತ್ತೆಯ ಗುಟ್ಟು ಬಯಲಾಗುತ್ತಿತ್ತು. ಅದಕ್ಕೇ ಈ ಮನುಷ್ಯ ಇಡೀ ಮುನಿಸಿಪಾಲಿಟಿಯ ಮೇಲೆ ಜಗಳಕ್ಕೆ ನಿಂತಿದ್ದರು. ಸೊಳ್ಳೆಗಾಗಿ ಗೊಣಗಿದ್ದು ನೆನೆದು ನನಗೆ ನಾಚಿಕೆಯಾಯಿತು.

ನೋಟೀಸಿನ ಸುದ್ದಿ ಮಾವನಿಗೆ ಆಗಲೇ ಮುಟ್ಟಿತ್ತು. ಅತ್ತೆ ಒಳಗೆ ಹೋದ ಮೇಲೆ ಕೇಳಿದರು: "ಏನೋ, ನೋಟೀಸು ತಂದಿದೀಯಾ?"

"ಪರಿಶೀಲನೆಯಲ್ಲಿದೆ, ಮಾವ" ಎಂದೆ.

ಅವರು ಕಂದೀಲು ತರಲು ಎದ್ದುಹೋದರು. ಮರುದಿನ ಆ ಕಾಗದ ಕಡತಗಳ ತಳ ಸೇರಿತು; ನಾನು ನಿವೃತ್ತನಾಗುವವರೆಗೂ ಅಲ್ಲೇ ಪರಿಶೀಲನೆಯಲ್ಲಿತ್ತು. ಆ ಶನಿವಾರ ಮಾರ್ಕುಪಟ್ಟಿಯ ಕೊನೆಗೆ ಹೊಸದೊಂದು ಸಾಲು ಸೇರಿತ್ತು. ಗುಮಾಸ್ತ: ಮೂವತ್ತೈದು, ಪಾಸು.