ಜಾರುವ ಟಯರು, ಹೊಳೆಯುವ ರಿಮ್ಮು

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ರಾಣೆಬೆನ್ನೂರಿನಲ್ಲಿ ಟಯರ್ ಅಂಗಡಿ ಇಟ್ಟ ನನ್ನಂಥವನು ಮನರಂಜನೆಗಾಗಿ ಎಲ್ಲೂ ಹೋಗಬೇಕಾಗಿಲ್ಲ. ಅದೇ ಗಾಳಿ ಹಾಕಿಸಿಕೊಳ್ಳಲು ಬರುತ್ತದೆ.

ಕಳೆದ ವರ್ಷ ಬಂದವರು ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ದಲಾಲರು. ನಾಗರ ಪಂಚಮಿ ಹಬ್ಬ ಮುಗಿದ ಮೇಲೆ ಹಾವೇರಿ ಹತ್ತಿರ ಟ್ರ್ಯಾಕ್ಟರ್ ಜಗ್ಗುವ ಪಂದ್ಯ ನಡೆಯುತ್ತದೆ. ಎರಡು ಟ್ರ್ಯಾಕ್ಟರುಗಳನ್ನು ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿ ಸರಪಳಿ ಬಿಗಿಯುತ್ತಾರೆ. ಎದುರಾಳಿಯನ್ನು ಎಳೆದುಕೊಂಡು ಹೋದವರು ಗೆದ್ದಂತೆ. ಸೋತವರು ಗೆದ್ದವರಿಗೆ ಹೋಳಿಗೆ ಊಟ ಹಾಕಬೇಕು. ದಲಾಲರು ಎರಡು ವರ್ಷ ಸೋತಿದ್ದರು, ಅದೂ ತಮ್ಮ ಬೀಗರಿಗೆ, ಅಂದರೆ ಸೊಸೆಯ ಅಪ್ಪನಿಗೆ. ಎರಡೂ ಸಲ ಟಯರ್ ನಿಂತಲ್ಲೇ ನಿಂತು, ಒಳಗೆ ರಿಮ್ಮು ಮಾತ್ರ ತಿರುಗಿ, ಗಾಳಿ ಹಾಕುವ ಟ್ಯೂಬಿನ ಕುತ್ತಿಗೆ ಹರಿದು ಗಾಳಿಯೆಲ್ಲ ಹೋಗಿತ್ತು. ಎರಡೂ ಸಲ ಬೀಗರು ಇವರ ಮನೆಯಲ್ಲಿ ಉಣ್ಣುತ್ತ, "ಟಯರ್ ಆರಾಮ ಅದಾವಲ್ರಿ?" ಎಂದು ಕ್ಷೇಮ ವಿಚಾರಿಸಿದ್ದರು.

"ಗಂಡಿನ ಕಡೆಯವ್ರು ನಾವು," ಎಂದರು ದಲಾಲರು. "ಈ ಸಲಾನೂ ಸೋತ್ರ ಮಾರ್ಕೆಟ್ ಯಾರ್ಡಿನ ಹಮಾಲ್ರಿಗೂ ಮುಖ ತೋರಸಾಕ ಆಗಂಗಿಲ್ರಿ ಸರ."

ಗೆರೆ

ಮೊದಲು ಟಯರ್ ಎಷ್ಟು ಜಾರುತ್ತದೆಂದು ತಿಳಿಯಬೇಕಿತ್ತು. ಟಯರಿನಿಂದ ರಿಮ್ಮಿನವರೆಗೆ ಸೀಮೆಸುಣ್ಣದಲ್ಲಿ ಒಂದು ನೇರ ಗೆರೆ ಎಳೆದೆ. ಹೊಲದಲ್ಲಿ ಭಾರ ಜಗ್ಗಿಸಿ ತನ್ನಿ, ಜಾರಿದ್ದರೆ ಗೆರೆ ಎರಡು ತುಂಡಾಗಿರುತ್ತದೆ ಎಂದೆ.

ವಾರ ಬಿಟ್ಟು ಬಂದರು. ಗೆರೆ ನೆಟ್ಟಗಿತ್ತು. ಆದರೆ ಟ್ಯೂಬಿನ ಕುತ್ತಿಗೆ ಹರಿದಿತ್ತು. ವಿಜ್ಞಾನಕ್ಕೆ ಇದು ಹೊಸದು. ಅರ್ಧ ತಾಸು ತಲೆ ಕೆಡಿಸಿಕೊಂಡೆ.

ಕೊನೆಗೆ ಅವರೇ ಹೇಳಿದರು: "ಗೆರಿ ಸರದಿತ್ರೀ. ಛಲೋ ಕಾಣಂಗಿಲ್ಲ ಅಂತ ಅಳಿಸಿ ನೆಟ್ಟಗ ಎಳದೇನಿ."

ಸ್ಕ್ರೂ

ಮುಂದೆ ಅವರು ಮೊಬೈಲಿನಲ್ಲಿ ಅಮೆರಿಕದ ಡ್ರ್ಯಾಗ್ ರೇಸ್ ಎಂಬ ಕಾರು ಪಂದ್ಯ ನೋಡಿದರು. ಅಲ್ಲಿ ಟಯರ್ ಜಾರದಂತೆ ರಿಮ್ಮಿನ ಅಂಚಿನಿಂದ ಟಯರಿಗೆ ಸ್ಕ್ರೂ ಹೊಡೆಯುತ್ತಾರೆ. ಆ ಸ್ಕ್ರೂ ಗಿಡ್ಡವು, ಮೇಲಾಗಿ ಆ ಗಾಲಿಯಲ್ಲಿ ಟ್ಯೂಬ್ ಇರಲಿಲ್ಲ ಎಂದು ನಾನು ಹೇಳುವಷ್ಟರಲ್ಲಿ ಕೆಲಸ ಆಗಿಹೋಗಿತ್ತು. ಬಾಗಿಲಿಗೆ ಹೊಡೆಯುವ ಉದ್ದನೆಯ ಹನ್ನೆರಡು ಸ್ಕ್ರೂ. ಟ್ಯೂಬಿಗೆ ಹನ್ನೆರಡು ತೂತು.

ಚಪ್ಪಟೆಯಾದ ಗಾಲಿಯನ್ನು ಅವರು ಹೆಮ್ಮೆಯಿಂದಲೇ ತೋರಿಸಿದರು. "ಗಾಳಿ ನಿಲ್ಲಂಗಿಲ್ಲ ಅನ್ನೂದೊಂದ ಬಿಟ್ರ, ಟಯರ್ ಒಂದ್ ಕೂದಲೆಳಿನೂ ಸರದಿಲ್ಲ ನೋಡ್ರಿ ಸರ."

ಎಣ್ಣೆ

ಹೊಸ ರಿಮ್ಮು ಬೇಕಾಯಿತು. ಹಳೆಯದನ್ನು ಬಿಚ್ಚಿದಾಗ ಟಯರ್ ಕೂರುವ ಅಂಚಿನ ತುಂಬ ಜಿಡ್ಡು. ಮೂಸಿದೆ. ಶೇಂಗಾ ಎಣ್ಣೆ.

ಇದಕ್ಕೆ ಎಣ್ಣೆ ಹಚ್ಚುವವರು ಯಾರೆಂದು ಕೇಳಿದೆ. ದಲಾಲರ ಮುಖ ಅರಳಿತು. ಸೊಸೆಗೆ ಸ್ವಚ್ಛತೆಯ ಹುಚ್ಚು. ವಾರಕ್ಕೆರಡು ಸಲ ಟ್ರ್ಯಾಕ್ಟರ್ ತೊಳೆದು, ರಿಮ್ಮಿಗೆ ಎಣ್ಣೆ ಹಚ್ಚಿ, ಮುಖ ಕಾಣುವ ಹಾಗೆ ತಿಕ್ಕುತ್ತಾಳಂತೆ. ಎಣ್ಣೆ ಒಳಗಿಳಿದರೆ ಟಯರ್ ಜಾರದೆ ಏನು ಮಾಡುತ್ತದೆ? ಪಂದ್ಯ ಮುಗಿಯುವ ತನಕ ನಿಲ್ಲಿಸಲು ಹೇಳಿ ಎಂದೆ. ಹೇಳಲಾಗದು ಎಂದರು. ಎರಡು ವರ್ಷ ಬೀಗರ ಎದುರಿಗೇ ಸೊಸೆಯ ಕೆಲಸ ಹೊಗಳಿದ್ದರು.

ಎರಡು ದಿನಕ್ಕೆ ಫೋನು ಬಂತು, ಉಪಾಯ ಸಿಕ್ಕಿದೆಯೆಂದು. "ಸೊಸಿ ಹ್ಯಾಂಗೂ ಪಂಚಮಿಗೆ ತವರಿಗೆ ಹೋಗಾಕಿ. ಈ ಸಲ ಹತ್ತು ದಿನ ಮೊದ್ಲ ಕಳಿಸಿ ಬಿಟ್ಟೇನ್ರಿ."

ಹೋಳಿಗೆ

ನಾನು ರಿಮ್ಮು ಒರೆಸಿ ಒಣಗಿಸಿ, ಟಯರ್ ಕೂರಿಸಿ, ಗಾಳಿ ಸ್ವಲ್ಪ ಹೆಚ್ಚು ಹಾಕಿ, ಹೊಸದಾಗಿ ಗೆರೆ ಎಳೆದು ಕಳಿಸಿದೆ. ಮೈದಾನದಲ್ಲಿ ನೋಡಿದರೆ ಗಾಲಿಯ ಮೇಲೆ ನನ್ನ ಗೆರೆ ಇತ್ತು. ಅದರ ಮೇಲೆ ವಿಭೂತಿ, ಕುಂಕುಮ, ಒಂದು ದಾಸವಾಳ. ಸರಪಳಿ ಬಿಗಿಯಿತು. ದಲಾಲರ ಟಯರ್ ಜಾರಲಿಲ್ಲ. ಬೀಗರ ಟಯರಿನಿಂದ 'ಸುಸ್ಸ್' ಎಂದು ಗಾಳಿ ಹೋಯಿತು. ದಲಾಲರು ಅವರನ್ನು ಮೈದಾನದ ಆ ತುದಿಯವರೆಗೆ ಎಳೆದರು. ಅಲ್ಲಿ ಗೋಡೆ ಇದ್ದದ್ದರಿಂದ ನಿಲ್ಲಿಸಿದರು.

ಬೀಗರ ಮನೆಯಲ್ಲಿ ಊಟ. ನನಗೂ ಕರೆ ಇತ್ತು. ಸೊಸೆ ಹೋಳಿಗೆ ಬಡಿಸುತ್ತಿದ್ದಳು. ದಲಾಲರು ಎರಡು ವರ್ಷ ಕಾದಿಟ್ಟಿದ್ದ ಮಾತನ್ನು ಆಡಿದರು: "ಟಯರ್ ಆರಾಮ ಅದಾವಲ್ರಿ ಬೀಗರ?"

ಒಂದು ದಿನವೂ ಜಾರದ ಟಯರ್ ಈ ಸಲ ಯಾಕೆ ಜಾರಿತೋ ತಿಳಿಯದೆಂದು ಬೀಗರು ಗೊಣಗಿದರು.

"ಅಪ್ಪಾ, ನಿನ್ನ ಟ್ರ್ಯಾಕ್ಟರ್ ಭಾಳ ಹೊಲಸ ಇತ್ತು," ಎಂದಳು ಮಗಳು, ತುಪ್ಪ ಹಾಕುತ್ತ. "ಹತ್ತು ದಿನ ಸುಮ್ನ ಹ್ಯಾಂಗ ಕುಂದ್ರಲಿ? ದಿನಾ ರಿಮ್ಮಿಗೆ ಎಣ್ಣಿ ಹಚ್ಚಿ ತಿಕ್ಕೇನಿ."

ಬೀಗರ ಕೈ ಎಲೆಯ ಮೇಲೇ ನಿಂತಿತು. ಅವರು ಮಗಳನ್ನು ನೋಡಿದರು, ನನ್ನನ್ನು ನೋಡಿದರು, ಕೊನೆಗೆ ದಲಾಲರನ್ನು. "ಬರೂ ವರ್ಷ ಪಂಚಮಿಗೆ ಈಕಿನ್ನ ಕರ್ಯಾಕ ನಾವು ಬರಂಗಿಲ್ರಿ."

ದಲಾಲರು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

"ನೀವ್ಯಾಕ ತ್ರಾಸ ತಗೋತೀರಿ ಬೀಗರ? ನಾವ ತಂದು ಬಿಡ್ತೇವಿ. ಎಣ್ಣಿ ಡಬ್ಬಿನೂ ಕೂಡೇ."