ಸಿದರಾಯನ ಲೈಸಿನ್

ಹುನ್ನೂರಿನ ಸಿದರಾಯನಿಗೆ ತನ್ನ ಮೈಬಲದ ಮೇಲೆ ಎಂದೂ ಸಂಶಯವಿರಲಿಲ್ಲ. ಸಂಶಯವಿದ್ದದ್ದು ಊರಿಗೆ. ಅದಕ್ಕೇ ಒಂದು ದಿನ ಗರಡಿಮನೆಯ ಕಟ್ಟೆಯ ಮೇಲೆ, ಮುಂದಿನ ಅಮಾವಾಸ್ಯೆಗೆ ಗರಡಿಯ ಗುಂಡುಕಲ್ಲನ್ನು ಹೆಗಲಿಗೇರಿಸದಿದ್ದರೆ ಮೀಸೆ ಬೋಳಿಸಿಕೊಳ್ಳುತ್ತೇನೆಂದು ಸಾರಿಬಿಟ್ಟ. (ಮೀಸೆ ಅವನ ಏಕೈಕ ಸ್ವಯಾರ್ಜಿತ ಆಸ್ತಿ, ಹೊಲ, ಕುರಿ ಎಲ್ಲ ಅಪ್ಪನವು.) ರೂಢಿಯಾಗಲೆಂದು ಕುಸ್ತಿ ಕಲಿಸುವ ವಸ್ತಾದ ಹಣಮಪ್ಪ ಕಲ್ಲನ್ನು ಚಕ್ಕಡಿಯಲ್ಲಿ ಅವನ ಮನೆಗೇ ಕಳಿಸಿದ. ಅದು ಪಡಸಾಲೆಯ ನಡುವೆ ಬಂದು ಕೂತಿತು.

ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಮೇಲೆ ಜಮಖಂಡಿಗೆ ಹೊಸ ಡಾಕ್ಟರು ಬಂದಿದ್ದರು. ಶಕ್ತಿಗೆ ಔಷಧಿ ಕೇಳಲು ಹೋದ ಸಿದರಾಯನಿಗೆ ಅವರು ಲೈಸಿನ್ ಎಂಬುದರ ವಿಷಯ ತಿಳಿಸಿದರು. ಮಾಂಸಖಂಡ ಕಟ್ಟಲು ಅದು ಬೇಕೇ ಬೇಕು, ಮೈ ಅದನ್ನು ತಾನಾಗಿ ತಯಾರಿಸಲಾರದು, ಜೋಳದಲ್ಲಿ ಕಡಿಮೆ, ಬೇಳೆಕಾಳಿನಲ್ಲಿ, ಹಾಲಿನಲ್ಲಿ ಹೆಚ್ಚು. ಕಾಳು ತಿನ್ನಿ, ಮೈ ದಣಿಸಿ ಎಂದರು. ಕಾಳಿನ ಮಾತು ಮುಗಿಯುವಷ್ಟರಲ್ಲಿ ಸಿದರಾಯ ಎದ್ದು ಬಾಗಿಲು ದಾಟಿದ್ದ.

ಅಂದಿನಿಂದ ಮನೆಯಲ್ಲಿ ಲೈಸಿನ್ ಮಹಾಯಜ್ಞ ಶುರುವಾಯಿತು. ರೊಟ್ಟಿಯ ಜೊತೆ ಮಡಕಿಕಾಳು ಹಾಕಿದರೆ ಬದಿಗೆ ತಳ್ಳುತ್ತಿದ್ದವನು ಈಗ ಬೋಗುಣಿಗಟ್ಟಲೆ ತಿಂದು, ಮೇಲೊಂದು ತಂಬಿಗೆ ಹಾಲು ಕುಡಿದು ಹೊರಸಿನ ಮೇಲೆ ಅಡ್ಡಾಗತೊಡಗಿದ. ಹೆಂಡತಿ ಯಲ್ಲಕ್ಕನಿಗೆ ತಡೆಯಲಾಗಲಿಲ್ಲ.

"ಕಲ್ಲ ಯಾವಾಗ ಎತ್ತತೀರಿ?"

"ಮೊದಲ ಲೈಸಿನ್ ಮೈಯಾಗ ಕೂಡಲಿ. ನಿನಗ ತಿಳಿಯೂದಿಲ್ಲ ಬಿಡು."

ಯಲ್ಲಕ್ಕ ಬಿಟ್ಟಳು. ಬೋಗುಣಿಯಲ್ಲಿ ಉಳಿದ ಕಾಳಿನೊಂದಿಗೆ ರೊಟ್ಟಿ ತಿಂದು ಕೆಲಸಕ್ಕೆ ಹತ್ತಿದಳು.

ಅಮಾವಾಸ್ಯೆಯ ಬೆಳಿಗ್ಗೆ ಹಣಮಪ್ಪ ನಾಲ್ಕು ಹಿರಿಯರೊಂದಿಗೆ ಬಂದ. ಹಡಪದ ಶಿದ್ರಾಮಪ್ಪನೂ ಕ್ಷೌರದ ಕತ್ತಿ ಮಸೆಯುತ್ತ ಮನೆಯ ಕಟ್ಟೆಯ ಮೇಲೆ ಕೂತ. ಸಿದರಾಯ ತೊಡೆ ತಟ್ಟಿ ಕಲ್ಲನ್ನು ತಬ್ಬಿದ. ಕಲ್ಲು ಕದಲಲಿಲ್ಲ. ಇನ್ನೊಮ್ಮೆ ತಬ್ಬಿದ, ಈ ಸಲ ಧೋತರದ ಗಂಟು ಕದಲಿತು.

ಅಷ್ಟರಲ್ಲಿ ಸಗಣಿ ಬುಟ್ಟಿ ಹಿಡಿದು ಯಲ್ಲಕ್ಕ ಬಂದಳು. "ಒಂದಿಷ್ಟ ಸರೀರಿ, ನೆಲಾ ಸಾರಸೂದೈತಿ" ಎಂದು ಸೆರಗು ಬಿಗಿದು, ಕಲ್ಲನ್ನೆತ್ತಿ ಮೂಲೆಗಿಟ್ಟು, ಅದು ಕೂತಿದ್ದ ಜಾಗ ಸಾರಿಸತೊಡಗಿದಳು.

ಹಣಮಪ್ಪ ಮೂಲೆಯ ಕಲ್ಲನ್ನು ನೋಡಿ, ಇದು ಎಂದಿನಿಂದ ಎಂದು ಕೇಳಿದ.

"ಕಲ್ಲ ಬಂದ ದಿನದಿಂದರೀ. ಕಸಾ ಹೊಡ್ಯಾಕ, ಸಾರಸಾಕ ಅಡ್ಡ ಬರತಿತ್ತು. ಮೊದಲ ಎಂಟ ದಿನ ಉಳ್ಳಿಸಿದ್ನಿ, ಆಮ್ಯಾಲ ಎತ್ತಾಕ ಬಂತು. ನಾನೂ ಅದಽ ಕಾಳ ತಿಂತೀನ್ರಿ. ಮಲಗಾಕ ಮಾತ್ರ ಪುರಸೊತ್ತ ಸಿಗಲಿಲ್ಲ."

ಹಣಮಪ್ಪ ಕತ್ತಿ ಮಡಚುವಂತೆ ಶಿದ್ರಾಮಪ್ಪನಿಗೆ ಸನ್ನೆ ಮಾಡಿ ತೀರ್ಪು ಕೊಟ್ಟ. "ಮೀಸಿಗೆ ಒಂದ ತಿಂಗಳ ಜಾಮೀನು. ಕಲ್ಲ ಇಲ್ಲೇ ಇರಲಿ. ಯಲ್ಲಕ್ಕ, ನಾಳಿಂದ ಸಾರಸೂ ಕೆಲಸ ಇವಂಗ ಬಿಡವಾ."

ಯಲ್ಲಕ್ಕ ನಾಳೆಯತನಕ ಕಾಯಲಿಲ್ಲ. ಸಗಣಿ ಬುಟ್ಟಿಯನ್ನು ಗಂಡನ ಕೈಗೆ ಕೊಟ್ಟು ಹೊರಸಿನ ಮೇಲೆ ಅಡ್ಡಾದಳು.